ಉಸಿರು ಹಿಡಿದು ಕೂತ ಹನುಮಕ್ಕ

ಮೊದಲಿಗೇ ಕ್ಷಮೆ ಕೇಳುತ್ತೇನೆ. ನನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು. ಗುಲಾಬಿ ಮುಳ್ಳು ಚುಚ್ಚಿ ಹೆಬ್ಬೆರಳು ಊದಿರುವುದರಿಂದ ಇನ್ನೂ ಕೆಟ್ಟಿದೆ. ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟವಳು, ಮಾತುಗಳೂ ಸಾಲುವುದಿಲ್ಲ. ತಪ್ಪಿದ್ದರೆ ತಿದ್ದಿಕೊಂಡು ಓದಿ. ಹನುಮಕ್ಕ ನನ್ನ ದೊಡ್ಡಮ್ಮ. ಇದರಲ್ಲಿ ಬರುವ ಭಾನು ನಾನೇ. ನಾನು ನಾನು ಎಂದು ಬರೆಯಲು ನಾಚಿಕೆಯಾಯಿತು, ಅದಕ್ಕೆ ಬೇರೆ ಯಾರೋ ಎನ್ನುವ ಹಾಗೆ ಬರೆದಿದ್ದೇನೆ. ದೊಡ್ಡಮ್ಮನ ಮನಸ್ಸಿನಲ್ಲಿ ಏನಿತ್ತು ಎಂಬುದನ್ನು ಅವಳನ್ನೇ ಕೇಳಿ ಬರೆದೆ. ಓದಿ ಹೇಳಿದಾಗ ಎರಡು ಕಡೆ ತಿದ್ದಿಸಿದಳು.

ಹನುಮಕ್ಕನ ಮೂಗು ತೋಟಕ್ಕೆಲ್ಲ ಹೆಸರುವಾಸಿ. ಹೊಸೂರಿನಿಂದ ಬಾಗಲೂರು ಕಡೆ ಹೋಗುವ ರಸ್ತೆಯಲ್ಲಿರುವ ಆ ಗುಲಾಬಿ ತೋಟಕ್ಕೆ ಅವಳು ಸೇರಿ ಹದಿನಾಲ್ಕು ವರ್ಷವಾಯಿತು. ತೋಟ ಎಂದರೆ ಬಯಲಲ್ಲ. ಬಿಳಿ ಪ್ಲಾಸ್ಟಿಕ್ ಹೊದಿಸಿದ ಹನ್ನೊಂದು ಉದ್ದುದ್ದ ಶೆಡ್ಡುಗಳು. ಒಳಗೆ ಬೆವರು ಸುರಿಯುವಷ್ಟು ಸೆಕೆ, ಸೊಂಟದೆತ್ತರಕ್ಕೆ ಗುಲಾಬಿ ಸಾಲು, ಸಾಲಿನ ನಡುವೆ ಒಬ್ಬರು ನಡೆಯುವಷ್ಟೇ ಜಾಗ. ಹೂವನ್ನು ಅರಳುವ ಮೊದಲೇ ಕತ್ತರಿಸಿ, ಬಕೆಟ್ಟಿನಲ್ಲಿಟ್ಟು, ಪ್ಯಾಕಿಂಗ್ ಹಾಲಿಗೆ ಒಯ್ದು, ಉದ್ದ ಅಳೆದು, ಇಪ್ಪತ್ತಿಪ್ಪತ್ತು ಕಟ್ಟುವುದು ಹೆಂಗಸರ ಕೆಲಸ. ಔಷಧಿ ಹೊಡೆಯುವುದು ಗಂಡಸರ ಕೆಲಸ. ಹೊಡೆದ ಶೆಡ್ಡಿನ ಬಾಗಿಲಲ್ಲಿ ಕೋಲಿಗೆ ಕಟ್ಟಿದ ಕೆಂಪು ಬಾವುಟ ನೆಡಬೇಕು. ಬಾವುಟ ಇರುವಷ್ಟು ಹೊತ್ತು, ಅಂದರೆ ಮಾರನೆಯ ಬೆಳಿಗ್ಗೆಯವರೆಗೆ, ಯಾರೂ ಒಳಗೆ ಕಾಲಿಡುವಂತಿಲ್ಲ. ಇದು ಗೋಡೆಯ ಮೇಲೆ ತಮಿಳಿನಲ್ಲೂ ಇಂಗ್ಲಿಷಿನಲ್ಲೂ ಬರೆದಿರುವ ನಿಯಮ.

ಗೋಡೆಯ ನಿಯಮ ಗೋಡೆಯ ಮೇಲಿರುತ್ತಿತ್ತು. ಹೂವಿಗೆ ಅವಸರವಾದರೆ ಬಾವುಟ ಬೇಗ ಕೀಳುತ್ತಿದ್ದರು. ಹಾಗಾಗಿ ಹೆಂಗಸರು ಬಾವುಟ ನೋಡುವುದು ಬಿಟ್ಟು ಹನುಮಕ್ಕನ ಮುಖ ನೋಡುವ ಪದ್ಧತಿ ಬೆಳೆದಿತ್ತು. ಅವಳು ಪ್ಲಾಸ್ಟಿಕ್ ಪರದೆ ಒಂದಿಷ್ಟು ಸರಿಸಿ ಮೂಗು ಒಳಗಿಟ್ಟು ನೋಡುವಳು. ನುಸಿಗೆ ಹೊಡೆದದ್ದು ಸುಟ್ಟ ರಬ್ಬರಿನ ವಾಸನೆ, ಬೂದಿ ರೋಗಕ್ಕೆ ಹೊಡೆದದ್ದು ಕೊಳೆತ ಮೊಟ್ಟೆಯ ವಾಸನೆ. ಮೂಗು ಸುಕ್ಕಿದರೆ ಎಲ್ಲರೂ ಕತ್ತರಿ ಮಸೆಯುವ ನೆಪ ಹೂಡಿ ಅರ್ಧ ಗಂಟೆ ಆಚೆ ನಿಲ್ಲುವರು. ಸೂಪರ್‌ವೈಸರ್ ಕಿರಣ್‌ಕುಮಾರ್‌ಗೆ ಇದು ಗೊತ್ತಿತ್ತು. ಗೊತ್ತಿಲ್ಲದವನಂತೆ ಇರುತ್ತಿದ್ದ.

ಆ ವಾಸನೆ ಮನೆಗೂ ಬರುತ್ತಿತ್ತು. ತೊರಪಲ್ಲಿಯ ಹತ್ತಿರದ ಅವಳ ಮನೆಯಲ್ಲಿ ಎರಡು ಸಲ ಸೋಪು ಹಚ್ಚಿ ಕೈ ತೊಳೆದು ಕೂತರೂ ಅನ್ನ ಕಲೆಸಿದರೆ ಅನ್ನಕ್ಕೂ ಅದೇ ವಾಸನೆ. ಹದಿನಾಲ್ಕು ವರ್ಷದಲ್ಲಿ ಒಂದು ದಿನವೂ ಅವಳು ತಲೆಗೆ ಗುಲಾಬಿ ಮುಡಿದಿಲ್ಲ. ಯಾರಾದರೂ ಕೊಟ್ಟರೆ ದೇವರ ಪಟಕ್ಕೂ ಇಡುವುದಿಲ್ಲ. "ಅದು ಹೂವಲ್ಲ ಕಣೆ, ಔಷಧಿ ಸೀಸೆ" ಅನ್ನುತ್ತಾಳೆ.

ಅಂಥ ತೋಟಕ್ಕೆ ಅವಳೇ ಭಾನುವನ್ನು ಕರೆತಂದಳು.

ಭಾನು ಹನುಮಕ್ಕನ ತಂಗಿ ಅಂಜಮ್ಮನ ಮಗಳು. ಅಂಚೆಟ್ಟಿಯನ್ನೂ ದಾಟಿ ನಾಟ್ರಾಂಪಾಳ್ಯದ ಕಡೆ ಊರು. ಶಾಲೆಗೆ ಹೋಗಬೇಕಾದರೆ ದಿಣ್ಣೆ ಹತ್ತಿ ಇಳಿದು ಬಸ್ಸು ಹಿಡಿಯಬೇಕು. ಹುಡುಗಿಗೆ ಚಿಕ್ಕಂದಿನಿಂದ ಉಬ್ಬಸ. ದಿಣ್ಣೆ ಹತ್ತುವಷ್ಟರಲ್ಲಿ ಎದೆಯಲ್ಲಿ ಸಿಳ್ಳೆ ಹಾಕಿದ ಹಾಗೆ ಸದ್ದು ಬರುತ್ತಿತ್ತು. ಅದರ ಮೇಲೆ ನಾಚಿಕೆ. ಎದ್ದು ನಿಂತು ಪಾಠ ಓದು ಎಂದರೆ ಪುಸ್ತಕದಿಂದ ಮುಖ ಮುಚ್ಚಿಕೊಳ್ಳುತ್ತಿದ್ದಳು. ಒಂಬತ್ತಕ್ಕೇ ಬಿಟ್ಟಳು. ಹದಿನೆಂಟು ತುಂಬಿದ ಮೇಲೆ ಕೆಲಸಕ್ಕೆ ಹಾಕೋಣ ಎಂದಾಗ ಅಂಜಮ್ಮ ಹೇಳಿದ್ದು ಒಂದೇ ಮಾತು: "ಇವಳ ಎದೆ ನಿಂಗೊತ್ತಲ್ಲಕ್ಕ. ನಿನ್ನ ಸೆರಗಲ್ಲೇ ಇಟ್ಕೊ."

"ಇಟ್ಕೋತೀನಿ ಬಿಡೇ. ಹಾಲಿನಾಗೆ ಕೂತು ಹೂ ಕಟ್ಟೋದಷ್ಟೇ. ಶೆಡ್ಡಿಗೆ ಕಳ್ಸಕ್ಕಿಲ್ಲ" ಎಂದು ಹನುಮಕ್ಕ ಮಾತು ಕೊಟ್ಟಿದ್ದಳು. ಕಿರಣ್‌ಕುಮಾರ್ ಕೂಡ ತಲೆಯಾಡಿಸಿದ್ದ. ಒಂದೂವರೆ ವರ್ಷ ಆ ಮಾತು ನಡೆಯಿತು.

ಹೋದ ಡಿಸೆಂಬರಿನಲ್ಲಿ ಧ್ಯಾನ ಬಂತು.

ಹೊರದೇಶದಲ್ಲಿ ಹೂ ಕೊಳ್ಳುವ ಕಂಪನಿಯವರು, ಕೆಲಸಗಾರರ ಮನಸ್ಸಿನ ಆರೋಗ್ಯಕ್ಕೆ ನೀವು ಏನು ಮಾಡುತ್ತಿದ್ದೀರಿ ಎಂದು ಕೇಳಿದ್ದರಂತೆ. ಹೊಸೂರು ಟೌನಿನಿಂದ ಲಕ್ಷ್ಮೀಪ್ರಿಯಾ ಮೇಡಂ ಬಂದರು. ಬಿಳಿ ಸಲ್ವಾರ್, ಕೈಯಲ್ಲಿ ಪುಟ್ಟ ಸ್ಪೀಕರ್, ಒಳ್ಳೆಯ ನಗು. ಕನ್ನಡ, ತಮಿಳು, ತೆಲುಗು ಮೂರರಲ್ಲೂ ಮಾತಾಡುತ್ತಿದ್ದರು. "ನೀವೆಲ್ಲ ಒಂದು ಪರಿವಾರ. ದಿನಾ ಹತ್ತು ನಿಮಿಷ ನಿಮಗೋಸ್ಕರ ಕೊಡಿ. ಮನಸ್ಸು ಹಗುರಾದರೆ ಕೈ ತಾನಾಗೇ ಚುರುಕಾಗುತ್ತೆ" ಎಂದರು.

ಆ ಹತ್ತು ನಿಮಿಷ ಎಲ್ಲಿಂದ ಬರುತ್ತದೆ ಎಂದು ಹೆಂಗಸರಿಗೆ ಮೊದಲ ದಿನವೇ ತಿಳಿಯಿತು. ಬೆಳಗಿನ ಟೀ ಹೊತ್ತು ಹದಿನೈದು ನಿಮಿಷ ಇದ್ದದ್ದು ಐದಕ್ಕೆ ಇಳಿಯಿತು. ನಲವತ್ತೆರಡು ಜನಕ್ಕೆ ಇರುವುದು ಎರಡು ಕಕ್ಕಸು. ಐದು ನಿಮಿಷದಲ್ಲಿ ಟೀ ಕುಡಿಯಬೇಕೋ, ಅಲ್ಲಿ ಸಾಲು ನಿಲ್ಲಬೇಕೋ ನೀವೇ ಯೋಚಿಸಿ.

"ಒಂದಕ್ಕೆ ತಡ್ಕೊಂಡು ಕೂತ್ರೆ ಅದಕ್ಕೂ ಧ್ಯಾನ ಅಂತಾರೇನ್ರೇ?" ಎಂದು ರಾಮಕ್ಕ ಕೇಳಿದಳು. ರಾಮಕ್ಕ ಹನುಮಕ್ಕನ ಪಕ್ಕದ ಸಾಲಿನವಳು, ಬಾಯಿ ಜೋರು.

"ಮಹಾಧ್ಯಾನ ಅಂತಾರೆ" ಎಂದಳು ಹನುಮಕ್ಕ.

ಮೊದಮೊದಲು ಹಾಲಿನ ಸಿಮೆಂಟ್ ನೆಲದ ಮೇಲೆ ಕೂರಿಸುತ್ತಿದ್ದರು. ಅದು ಅಷ್ಟೇನೂ ಕೆಟ್ಟದಾಗಿರಲಿಲ್ಲ. ಕಣ್ಣು ಮುಚ್ಚಿ, ನಾಲ್ಕು ಎಣಿಸುವವರೆಗೆ ಉಸಿರು ತಗೊಳ್ಳಿ, ನಾಲ್ಕು ಎಣಿಸುತ್ತ ಬಿಡಿ. ಭಾನುವಿಗಂತೂ ಅದು ಇಷ್ಟವೇ ಆಯಿತು. ಹತ್ತು ನಿಮಿಷ ಯಾರೂ ಅವಳನ್ನು ನೋಡುವುದಿಲ್ಲ, ಯಾರೂ ಕೂಗುವುದಿಲ್ಲ. ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡುವ ಹುಡುಗಿ. ಮೂರು ಎಣಿಸಿ ಬಿಟ್ಟರೆ ತಪ್ಪಾದೀತು ಎಂದು ಬೆರಳು ಮಡಚಿ ನಾಲ್ಕು ಎಣಿಸುತ್ತಿದ್ದಳು. "ಎದೆ ಹಗುರ ಆಗ್ತದೆ ದೊಡ್ಡಮ್ಮ" ಎಂದಾಗ ಹನುಮಕ್ಕನಿಗೆ ಧ್ಯಾನದ ಮೇಲಿದ್ದ ಸಿಟ್ಟು ಸ್ವಲ್ಪ ಇಳಿದಿತ್ತು.

ಕಂಪನಿಗೆ ಕಳಿಸಲೆಂದು ಹಾಲಿನಲ್ಲಿ ತೆಗೆದ ಫೋಟೋ ಚೆನ್ನಾಗಿ ಬರಲಿಲ್ಲ. ಹಿಂದೆ ಬಕೆಟ್ಟು, ಕಸಬರಿಕೆ, ಹರಿದ ರಟ್ಟಿನ ಪೆಟ್ಟಿಗೆ ಕಾಣುತ್ತಿದ್ದವು. ಜನವರಿಯಿಂದ ಎಲ್ಲರನ್ನೂ, ಹಾಲಿನವರನ್ನೂ ಸೇರಿಸಿ, ಶೆಡ್ಡಿನೊಳಗೆ ಕೂರಿಸಲು ಶುರು ಮಾಡಿದರು. ಹೂವಿನ ಸಾಲುಗಳ ನಡುವೆ ನೀಲಿ ಚಾಪೆ, ಚಾಪೆಯ ಮೇಲೆ ಹೆಂಗಸರು, ಸ್ಪೀಕರಿನಿಂದ ಕೊಳಲು.

ಮೊದಲ ದಿನವೇ ಹನುಮಕ್ಕನ ಮೂಗು ಸುಕ್ಕಿತು. ಹಿಂದಿನ ದಿನ ಮಧ್ಯಾಹ್ನ ಹೊಡೆದದ್ದು. ಎಲೆಗಳ ಮೇಲೆ ಸುಣ್ಣದ ನೀರು ಒಣಗಿದ ಹಾಗೆ ಕಲೆ. ಕತ್ತರಿಸುವಾಗ ಮೂಗಿಗೆ ಸೆರಗು ಸುತ್ತಿಕೊಳ್ಳಬಹುದಿತ್ತು. ಇಲ್ಲಿ ಸೆರಗು ತೆಗೆದು, ಕೈ ತೊಡೆಯ ಮೇಲಿಟ್ಟು, ಮುಖದಲ್ಲಿ ನಗು ಇಟ್ಟುಕೊಂಡು, ಆಳವಾಗಿ ಎಳೆದುಕೊಳ್ಳಬೇಕು.

"ಸಾರ್, ವಾಸನೆ ಇನ್ನೂ ಅದೆ" ಎಂದಳು ಕಿರಣ್‌ಕುಮಾರ್‌ಗೆ.

"ನಿನ್ನೆ ಹೊಡೆದಿದ್ದಮ್ಮ. ಹತ್ತು ನಿಮಿಷ ತಾನೇ? ಸೀಕ್ರಂ, ಸೀಕ್ರಂ" ಎಂದು ತಮಿಳಿನಲ್ಲೇ ಅವಸರ ಮಾಡಿದ.

ಹನುಮಕ್ಕ ತನ್ನದೇ ಉಪಾಯ ಕಂಡುಕೊಂಡಳು. ಬಾಗಿಲ ಹೊರಗೆ ಎದೆ ತುಂಬ ಗಾಳಿ ತುಂಬಿಕೊಂಡು ಒಳಗೆ ಬರುವಳು. ಕಣ್ಣು ಮುಚ್ಚಿ ಉಸಿರು ಹಿಡಿದು ಕೂರುವಳು. ತೀರಾ ಆಗದಿದ್ದಾಗ ಮೂಗಿನ ತುದಿಯಲ್ಲಿ ಚೂರು ತೆಗೆದುಕೊಂಡು ಮತ್ತೆ ಹಿಡಿಯುವಳು. ಎದೆ ಏಳುವುದಿಲ್ಲ, ಇಳಿಯುವುದಿಲ್ಲ. ಕಲ್ಲಿನ ಹಾಗೆ.

ಮೂರನೆಯ ದಿನ ಲಕ್ಷ್ಮೀಪ್ರಿಯಾ ಮೇಡಂ ಅವಳ ಮುಂದೆ ಬಂದು ನಿಂತರು. ಎಲ್ಲರೂ ಕಣ್ಣು ಬಿಟ್ಟ ಮೇಲೆ, "ನೋಡಿ, ಹನುಮಕ್ಕನನ್ನು ನೋಡಿ ಕಲೀರಿ. ಒಂದಿಷ್ಟೂ ಅಲುಗಾಟ ಇಲ್ಲ. ವರ್ಷಗಟ್ಟಲೆ ಸಾಧನೆ ಮಾಡಿದವರಿಗೂ ಇಷ್ಟು ಬರಲ್ಲ" ಎಂದರು. ಎಲ್ಲರಿಂದ ಚಪ್ಪಾಳೆ ಹೊಡೆಸಿದರು.

"ನಮ್ಮ ಹನುಮಕ್ಕ ಇನ್ನೇನು ಹಿಮಾಲಯಕ್ಕೆ ಹೊಂಟೋಗ್ತಾಳೆ. ಅವಳ ಹೊಸ ಕತ್ತರಿ ನಂಗೆ ಕೊಟ್ಬುಡಿ ಮೇಡಂ" ಎಂದಳು ರಾಮಕ್ಕ. ಮೇಡಂ ಕೂಡ ನಕ್ಕರು.

ಹನುಮಕ್ಕನಿಗೆ ನಗು ಬರಲಿಲ್ಲ. ತಿಂಗಳ ಕೊನೆಗೆ ಅವಳ ಫೋಟೋ ದೊಡ್ಡದು ಮಾಡಿಸಿ ಹಾಲಿನ ಬೋರ್ಡಿಗೆ ಅಂಟಿಸಿದರು. ಕೆಳಗೆ 'ತಿಂಗಳ ಧ್ಯಾನಿ' ಎಂದು ಬರೆದಿತ್ತು. ಪಕ್ಕದಲ್ಲೇ ಒಂದು ಗೆರೆ ಮೇಲಕ್ಕೆ ಏರುತ್ತಿತ್ತು. ಧ್ಯಾನ ಶುರುವಾದ ಮೇಲೆ ಒಬ್ಬೊಬ್ಬರು ಗಂಟೆಗೆ ಎಷ್ಟು ಹೂ ಹೆಚ್ಚು ಕತ್ತರಿಸುತ್ತಿದ್ದಾರೆ ಎಂಬ ಗೆರೆ. ಫೆಬ್ರವರಿಯ ಪ್ರೇಮಿಗಳ ದಿನಕ್ಕೆ ಸರಿಯಾಗಿ ಹೂ ಬರಲಿ ಎಂದು ನವೆಂಬರಿನಿಂದಲೇ ಲೆಕ್ಕ ಹಾಕಿ ಗಿಡ ಸವರಿರುತ್ತಾರೆ. ಜನವರಿ ಕಳೆಯುವಾಗ ಕೈ ಹಾಕಿದಲ್ಲೆಲ್ಲ ಮೊಗ್ಗು. ಹೂ ಹೆಚ್ಚಿದ್ದರೆ ಕತ್ತರಿಸುವುದೂ ಹೆಚ್ಚುತ್ತದೆ. ಇದು ಅಲ್ಲಿ ಕಸ ಗುಡಿಸುವವರಿಗೂ ಗೊತ್ತು. ಕಿರಣ್‌ಕುಮಾರ್‌ಗೆ ಗೊತ್ತಿಲ್ಲವೇ? ಆದರೂ ಗೆರೆ ಏರುತ್ತಲೇ ಇತ್ತು. ತನ್ನದೇ ಮುಖ ಆ ಗೆರೆಯ ಪಕ್ಕ ಕಣ್ಣು ಮುಚ್ಚಿ ನಗುತ್ತಿರುವುದನ್ನು ನೋಡಲಾರದೆ ಹನುಮಕ್ಕ ಬೋರ್ಡಿಗೆ ಬೆನ್ನು ಮಾಡಿ ಕೂತು ಊಟ ಮಾಡಲು ಶುರು ಮಾಡಿದಳು.

ಅವಳಿಗೆ ಚಿಂತೆ ಇದ್ದದ್ದು ಭಾನುವಿನದು. ಈ ಹುಡುಗಿ ಉಸಿರು ಹಿಡಿಯುತ್ತಿರಲಿಲ್ಲ. ಮೇಡಂ ಹೇಳಿದ ಹಾಗೆ, ಎಲ್ಲರಿಗಿಂತ ಆಳವಾಗಿ, ಎಲ್ಲರಿಗಿಂತ ಸರಿಯಾಗಿ ಎಳೆದುಕೊಳ್ಳುತ್ತಿದ್ದಳು. ಫೆಬ್ರವರಿಯ ಮೊದಲ ವಾರದಲ್ಲಿ ಮನೆಯಲ್ಲಿ ದೊಡ್ಡಮ್ಮನ ಪಕ್ಕ ಮಲಗಿದಾಗ ಎದೆಯ ಸಿಳ್ಳೆ ಮತ್ತೆ ಕೇಳಿಸಿತು.

"ಲೇ, ಸುಮ್ಕೆ ಕಣ್ಮುಚ್ಕೊಂಡು ಕೂತ್ಕೊ. ಉಸ್ರು ಮೇಲ್ಮೇಲೆ ತಗೊ. ಯಾರು ಅಳ್ದು ನೋಡ್ತಾರೆ?"

"ಮೇಡಂ ಆಳವಾಗಿ ಅಂದವ್ರಲ್ಲ ದೊಡ್ಡಮ್ಮ. ಸುಳ್ಳು ಸುಳ್ಳೇ ಮಾಡಿದ್ರೆ ಗೊತ್ತಾಗ್ತದೆ."

"ನಾನು ಸುಳ್ಳೇ ಮಾಡ್ತಿರೋದು. ಗೊತ್ತಾಯ್ತಾ ಅವ್ರಿಗೆ? ಫೋಟೋ ಬೇರೆ ಅಂಟ್ಸವ್ರೆ!"

ಭಾನು ನಂಬಲಿಲ್ಲ. ದೊಡ್ಡಮ್ಮ ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡಳು. ಕೆಲಸ ಬಿಡಿಸಿ ಊರಿಗೆ ಕಳಿಸಲೇ ಎಂದು ಹನುಮಕ್ಕ ಯೋಚಿಸಿದಳು. ಊರಲ್ಲಿ ಆ ದಿಣ್ಣೆ ಬಿಟ್ಟರೆ ಹುಡುಗಿಗೆ ಏನಿದೆ? ಹೂವಿನ ಕಾಲ ಮುಗಿದರೆ ಧ್ಯಾನವೂ ನಿಲ್ಲುತ್ತದೆ, ಅಲ್ಲಿಯವರೆಗೆ ಹೇಗೋ ದಾಟಿಸೋಣ ಎಂದು ಸುಮ್ಮನಾದಳು. ಆ ಸುಮ್ಮನಾದದ್ದು ತನ್ನ ತಪ್ಪು ಎಂದು ಅವಳು ಈಗ ಬಾಯಿಬಿಟ್ಟು ಹೇಳುತ್ತಾಳೆ. ತಿದ್ದಿಸಿದ ಒಂದು ಜಾಗ ಇದು.

ಹೂ ಕೊಳ್ಳುವ ಕಂಪನಿಯವರು ಧ್ಯಾನ ನೋಡಲು ಬರುವ ದಿನ ಗುರುವಾರ. ನಾಲ್ಕನೇ ಶೆಡ್ಡಿನಲ್ಲಿ ಕೆಂಪು ಹೂ ತುಂಬಿ ನಿಂತಿತ್ತು, ಅಲ್ಲೇ ಧ್ಯಾನ ಎಂದು ನಿರ್ಧಾರವಾಗಿತ್ತು. ಬುಧವಾರ ಸಂಜೆ ಅದೇ ಶೆಡ್ಡಿನ ಎಲೆಗಳ ಅಡಿಯಲ್ಲಿ ನುಸಿ ಕಂಡಿತು. ಬಂದವರ ಕಣ್ಣಿಗೆ ನುಸಿ ಬೀಳಬಾರದು.

ಗುರುವಾರ ಬೆಳಿಗ್ಗೆ ಹನುಮಕ್ಕ ಬಾಗಿಲಿಗೆ ಬಂದಾಗ ಪರದೆ ಸರಿಸುವ ಅಗತ್ಯವೇ ಬೀಳಲಿಲ್ಲ. ನಾಲ್ಕು ಹೆಜ್ಜೆ ದೂರಕ್ಕೇ ಸುಟ್ಟ ರಬ್ಬರ್ ಹೊಡೆಯಿತು. ನಾಲಿಗೆಯ ಮೇಲೆ ಕಹಿ. ಒಳಗೆ ಇಣುಕಿದಳು. ಎಲೆಗಳಿಂದ ಇನ್ನೂ ಹನಿ ತೊಟ್ಟಿಕ್ಕುತ್ತಿತ್ತು. ಬಾಗಿಲ ಪಕ್ಕದ ಮಣ್ಣಿನಲ್ಲಿ ಬಾವುಟದ ಕೋಲು ಕಿತ್ತ ತೂತು ಹಸಿಯಾಗಿಯೇ ಇತ್ತು. ಬಾವುಟ ಗೊಬ್ಬರದ ನೀರಿನ ಟ್ಯಾಂಕಿನ ಹಿಂದೆ ಬಿದ್ದಿತ್ತು.

"ಸಾರ್, ಇದು ಇವತ್ತು ಹೊಡ್ದಿರೋದು. ಇನ್ನೂ ಆರಿಲ್ಲ."

ಕಿರಣ್‌ಕುಮಾರ್ ಹೊಸ ಶರ್ಟು ಹಾಕಿದ್ದ. ಸುತ್ತ ನೋಡಿ ದನಿ ತಗ್ಗಿಸಿದ. "ಹನುಮಕ್ಕ, ಇವತ್ತೊಂದಿನ ಅಷ್ಟೇ. ಅವ್ರಿಗೆ ನಿನ್ನ ಹೆಸರೇ ಹೇಳಿದೀನಿ. ಮುಂದಿನ ಸಾಲಲ್ಲಿ ಕೂತ್ಕೊ. ನೀನು ಎದ್ದರೆ ಎಲ್ಲರೂ ಏಳ್ತಾರೆ. ಆಮೇಲೆ ನೀನೂ ಬೇಡ, ನಿನ್ನ ಹುಡುಗಿಯೂ ಬೇಡ."

ಹನುಮಕ್ಕ ಸುತ್ತ ನೋಡಿದಳು. ರಾಮಕ್ಕ, ಉಳಿದವರು, ಎಲ್ಲರೂ ಪದ್ಧತಿಯಂತೆ ಅವಳ ಮುಖವನ್ನೇ ನೋಡುತ್ತಿದ್ದರು. ಅವಳ ಮೂಗು ಸುಕ್ಕಲಿಲ್ಲ. ಎದೆ ತುಂಬ ಹೊರಗಿನ ಗಾಳಿ ಎಳೆದುಕೊಂಡು ಒಳಗೆ ಹೋಗಿ ಕೂತಳು. ಅವಳು ಹೋದದ್ದು ನೋಡಿ ಎಲ್ಲರೂ ಹೋದರು. ಭಾನು ಅವಳ ಎಡಕ್ಕೆ ಕೂತಳು.

ಬಂದವರು ಇಬ್ಬರು. ಬಿಳಿ ಕೂದಲಿನ ಒಬ್ಬ ವಿದೇಶಿ ಹೆಂಗಸು, ಬೆಂಗಳೂರಿನ ಒಬ್ಬ ಆಫೀಸರು. ಒಳಗೆ ಬರಲಿಲ್ಲ. ಪರದೆ ಮೇಲಕ್ಕೆ ಕಟ್ಟಿ ಬಾಗಿಲಾಚೆಯಿಂದಲೇ ಫೋನು ಹಿಡಿದು ನಿಂತರು. ಕೊಳಲು ಶುರುವಾಯಿತು.

"ಉಸಿರು ನಿಧಾನವಾಗಿ ಒಳಗೆ... ಒಂದು, ಎರಡು, ಮೂರು, ನಾಲ್ಕು. ಈ ಹೂವಿನ ಪರಿಮಳ ನಿಮ್ಮ ಮೈಯೆಲ್ಲ ತುಂಬಲಿ" ಎಂದರು ಲಕ್ಷ್ಮೀಪ್ರಿಯಾ ಮೇಡಂ.

ಪರಿಮಳವಂತೆ. ಹನುಮಕ್ಕ ಹಲ್ಲು ಕಚ್ಚಿದಳು. ಕಣ್ಣು ಉರಿಯುತ್ತಿತ್ತು. ಒಂದು ಹನಿ ಎಲೆಯಿಂದ ಜಾರಿ ಕೈ ಮೇಲೆ ಬಿತ್ತು. ಒರೆಸಿಕೊಳ್ಳಲಿಲ್ಲ. ಯಾರದೋ ಫೋನು ಚಟ್ ಎಂದಿತು. ಆಗ ಎಡಗಡೆಯಿಂದ ಸಿಳ್ಳೆ ಕೇಳಿತು.

ಒಂದು ಕಣ್ಣು ತೆರೆದು ನೋಡಿದಳು. ಭಾನು ನೆಟ್ಟಗೆ ಕೂತಿದ್ದಾಳೆ. ಬೆರಳು ಮಡಚಿ ನಾಲ್ಕು ಎಣಿಸುತ್ತಿದ್ದಾಳೆ. ಪ್ರತಿ ಎಣಿಕೆಗೂ ಭುಜ ಮೇಲೇಳುತ್ತಿದೆ, ಕತ್ತಿನ ಗುಳಿ ಒಳಕ್ಕೆ ಹೋಗುತ್ತಿದೆ, ತುಟಿ ಬೂದಿ ಬಣ್ಣಕ್ಕೆ ತಿರುಗಿದೆ. ಆದರೂ ತಪ್ಪಬಾರದೆಂದು ಎಣಿಸುತ್ತಲೇ ಇದ್ದಾಳೆ.

ಕೂಗಬೇಕಾದರೆ ಉಸಿರು ಬೇಕು. ಹನುಮಕ್ಕನ ಎದೆಯಲ್ಲಿದ್ದದ್ದು ತೀರಿತ್ತು. ಅವಳು ಬಾಯಿ ತೆರೆದು ಆ ಗಾಳಿಯನ್ನೇ ಎದೆ ತುಂಬ ಎಳೆದುಕೊಂಡಳು. ಗಂಟಲಿಗೆ ಕೆಂಡ ಸುರಿದ ಹಾಗಾಯಿತು.

"ಏಳ್ರೇ! ಎಲ್ಲಾ ಏಳ್ರೇ ಆಚೆಗೆ! ಉಸ್ರು ತಗೋಬ್ಯಾಡ್ರೇ!"

ಭಾನುವಿನ ಕಂಕುಳಿಗೆ ಕೈ ಹಾಕಿ ಎಳೆದಳು. ರಾಮಕ್ಕ ಇನ್ನೊಂದು ಕಡೆ ಹಿಡಿದಳು. ಚಾಪೆಗಳು ಜಾರಿದವು, ಸೊಂಟದೆತ್ತರದ ಮುಳ್ಳಿಗೆ ಸಿಕ್ಕಿ ಸೀರೆಗಳು ಹರಿದವು. ನಲವತ್ತೆರಡು ಜನ ಒಂದೇ ಬಾಗಿಲಲ್ಲಿ ಕೆಮ್ಮುತ್ತ ಹೊರಬಿದ್ದರು. ಬಾಗಿಲಲ್ಲಿ ನಿಂತಿದ್ದ ಇಬ್ಬರು ದಿಗಿಲುಬಿದ್ದು ನೋಡಿದರು. ಕಿರಣ್‌ಕುಮಾರ್ ನಗುತ್ತಲೇ ಇಂಗ್ಲಿಷಿನಲ್ಲಿ ಏನೋ ಹೇಳುತ್ತಿದ್ದ. ಹುಡುಗಿಗೆ ಮೈ ಸರಿಯಿಲ್ಲ ಎಂದಿರಬೇಕು.

ಹನುಮಕ್ಕನಿಗೆ ಇಂಗ್ಲಿಷ್ ಬರದು. ಭಾನುವನ್ನು ರಾಮಕ್ಕನ ತೊಡೆಯ ಮೇಲೆ ಮಲಗಿಸಿ ಟ್ಯಾಂಕಿನ ಹಿಂದೆ ಹೋದಳು. ಬಾವುಟ ತಂದಳು. ಬಂದವರ ಕಾಲ ಬಳಿ ಇದ್ದ ಆ ಹಸಿ ತೂತಿಗೇ ಕೋಲು ಚುಚ್ಚಿ ನಿಲ್ಲಿಸಿದಳು.

ವಿದೇಶಿ ಹೆಂಗಸು ಬಾವುಟ ನೋಡಿದಳು. ಮರುಕ್ಷಣವೇ ಕತ್ತಿನ ಬಟ್ಟೆ ಮೂಗಿಗೆ ಹಿಡಿದು ನಾಲ್ಕು ಹೆಜ್ಜೆ ಹಿಂದೆ ಸರಿದಳು. ಆಫೀಸರೂ ಸರಿದ. ಬಾವುಟ ಎಂದರೇನೆಂದು ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಹನುಮಕ್ಕನಿಗೆ ಆ ದಿನದ ಎಲ್ಲಕ್ಕಿಂತ ಹೆಚ್ಚು ಹೇಸಿಗೆಯಾದದ್ದು ಆ ನಾಲ್ಕು ಹೆಜ್ಜೆಯನ್ನು ಕಂಡು. ಇಷ್ಟು ಹೊತ್ತು ಹೆಂಗಸರು ಒಳಗೆ ಕೂತಿದ್ದಾಗ ಅವರಿಗೆ ಮೂಗು ಇರಲಿಲ್ಲವೇ?

ನಲ್ಲಿಯ ಹತ್ತಿರ ಲಕ್ಷ್ಮೀಪ್ರಿಯಾ ಮೇಡಂ ಬಗ್ಗಿ ಕೆಮ್ಮುತ್ತಿದ್ದರು. ಕಣ್ಣು ಕೆಂಪಾಗಿತ್ತು. ಹನುಮಕ್ಕ ಭಾನುವಿಗೆಂದು ತುಂಬಿಸಿದ ಚೊಂಬಿನಲ್ಲಿ ಅರ್ಧ ಅವರ ಕೈಗೆ ಸುರಿದಳು.

"ನನಗೆ ಗೊತ್ತಿರಲಿಲ್ಲ ಹನುಮಕ್ಕ. ನಿಜವಾಗಲೂ ಯಾರೂ ಹೇಳಲಿಲ್ಲ."

"ಮೂಗು ಇತ್ತಲ್ಲಮ್ಮ?"

ಮೇಡಂ ಮುಖ ಒರೆಸಿಕೊಂಡು ಕಾರಿನ ಕೀಲಿ ತೆಗೆದರು. ತಮ್ಮ ಕಾರಿನಲ್ಲೇ ಭಾನುವನ್ನು ಹೊಸೂರಿನ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದರು. ಅದನ್ನೂ ಬರೆಯಬೇಕು, ಬಿಡಬಾರದು. ತಿದ್ದಿಸಿದ ಎರಡನೆಯ ಜಾಗ ಇದು.

ಭಾನು ಮೂರು ದಿನ ಆಸ್ಪತ್ರೆಯಲ್ಲಿದ್ದಳು. ಅಷ್ಟರಲ್ಲಿ ಬೋರ್ಡಿನಿಂದ ಹನುಮಕ್ಕನ ಫೋಟೋ ಕಿತ್ತಿದ್ದರು. ಗೆರೆ ಹಾಗೆಯೇ ಇತ್ತು. ಧ್ಯಾನ ಮತ್ತೆ ಹಾಲಿಗೆ ಬಂತು, ಕಲಿಸಲು ಬೇರೊಬ್ಬರು ಬಂದರು. ಬಾವುಟ ಮಾತ್ರ ಈಗ ಸರಿಯಾಗಿ ಮಾರನೆಯ ದಿನದವರೆಗೆ ಇರುತ್ತದೆ. ಹೂ ಕೊಳ್ಳುವವರು ಕಾಗದ ಬರೆದಿದ್ದಾರಂತೆ. ಎಷ್ಟು ದಿನವೋ ಗೊತ್ತಿಲ್ಲ. ಹನುಮಕ್ಕನನ್ನು ಕೆಲಸದಿಂದ ತೆಗೆಯಲಿಲ್ಲ, ತೆಗೆದರೆ ಹೂ ಕೊಳ್ಳುವವರು ಯಾಕೆಂದು ಕೇಳುತ್ತಾರೆ. ತೋಟದ ಕೊನೆಯಲ್ಲಿರುವ ಗುಂಡಿಯ ಕೆಲಸಕ್ಕೆ ಹಾಕಿದರು. ಮಾರಲಾಗದ ಹೂವನ್ನೆಲ್ಲ ಸುರಿದು ಕೊಳೆಸುವ ಗುಂಡಿ ಅದು. ಪ್ರೇಮಿಗಳ ದಿನ ಮುಗಿದ ಮೇಲೆ ಅಲ್ಲಿ ಮೊಣಕಾಲುದ್ದ ಕೊಳೆತ ಗುಲಾಬಿ. ಕರಿ ನೀರು, ನೊಣ, ಹುಳ. ಗುದ್ದಲಿ ಹಾಕಿ ಮಗುಚಿದರೆ ಸತ್ತ ಇಲಿಯ ವಾಸನೆ.

ರಾಮಕ್ಕ ಊಟದ ಡಬ್ಬಿ ಹಿಡಿದು ಅಲ್ಲಿಗೇ ಹೋಗುತ್ತಾಳೆ. "ಥೂ, ಇಲ್ಲೆಂಗೆ ಉಣ್ತೀಯೇ ಹನುಮಕ್ಕಾ?"

"ಕೊಳ್ತಿರೋದು ಕೊಳ್ತ ವಾಸ್ನೇನೇ ಹೊಡೀತದೆ, ಪರಿಮಳ ಅಂತ ಯಾರೂ ಯೋಳಕ್ಕಿಲ್ಲ. ಮೂಗು ತುಂಬ ಉಸ್ರು ತಗೋತೀನಿ, ಅಷ್ಟು ಸಾಕು" ಎಂದು ಹನುಮಕ್ಕ ತುತ್ತು ಬಾಯಿಗಿಡುತ್ತಾಳೆ.

ಆದರೆ ಈಗ ಶೆಡ್ಡಿನ ಬಾಗಿಲಲ್ಲಿ ಮೂಗು ಇಟ್ಟು ನೋಡುವವರು ಯಾರೂ ಇಲ್ಲ.

ನಾನು ಸೋಮವಾರ ಕೆಲಸಕ್ಕೆ ಮರಳುತ್ತೇನೆ. ನೂರು ಪುಟದ ಒಂದು ನೋಟ್‌ಬುಕ್ ತಂದಿದ್ದೇನೆ. ಯಾವ ಶೆಡ್ಡಿಗೆ ಯಾವ ದಿನ, ಎಷ್ಟು ಹೊತ್ತಿಗೆ ಹೊಡೆದರು, ಬಾವುಟ ಯಾವಾಗ ನೆಟ್ಟರು, ಯಾವಾಗ ಕಿತ್ತರು ಎಂದು ದಿನಾ ಅದರಲ್ಲಿ ಬರೆದಿಡುತ್ತೇನೆ. ಕೆಲಸಗಾರರನ್ನೆಲ್ಲ ಸೇರಿಸಿ ನಡೆಸುವ ತಿಂಗಳ ಮೀಟಿಂಗಿನಲ್ಲಿ ಎದ್ದು ನಿಂತು ಅದನ್ನು ಗಟ್ಟಿಯಾಗಿ ಓದುತ್ತೇನೆ.